ಆಪರೇಷನ್ ಆದ ಮೊಲ ಹುಲ್ಲು ಮುಟ್ಟುತ್ತಿಲ್ಲ

ಪ್ರಶ್ನೆ: ಡಾಕ್ಟ್ರೇ, ನಮ್ಮ ಹೆಣ್ಣು ಮೊಲಕ್ಕೆ ನಿನ್ನೆ ಗರ್ಭಕೋಶ ತೆಗೆಸಿದೆವು. ನಾಯಿಗೆ ಆಪರೇಷನ್ ಮಾಡಿಸಿದಾಗ ಹಿಂದಿನ ರಾತ್ರಿಯಿಂದಲೇ ಉಪವಾಸ ಇಡಿಸಿದ್ದರು, ಇದಕ್ಕೆ ಬೇಡ ಅಂದರು. ಯಾಕೆ? ಇವತ್ತು ಬೆಳಗ್ಗೆಯಿಂದ ಮೂಲೆ ಬಿಟ್ಟು ಕದಲಿಲ್ಲ, ಹುಲ್ಲು ಮುಟ್ಟಿಲ್ಲ. ಸುಸ್ತಿರಬಹುದು ಅಂತ ಬಿಟ್ಟಿದ್ದೇವೆ. ಹೊಲಿಗೆ ಕಡಿಯದಂತೆ ಕೊರಳಿಗೆ ಪ್ಲಾಸ್ಟಿಕ್ ಕೋನ್ ಹಾಕಬೇಕಾ?

ಉತ್ತರ: ಪತ್ರಿಕೆ ಅಚ್ಚಾಗುವವರೆಗೆ ಕಾಯುವ ವಿಷಯವಲ್ಲ ಇದು, ಅದಕ್ಕೇ ನಿಮಗೆ ಫೋನಿನಲ್ಲೇ ಹೇಳಿದ್ದೆ. ಇದು ಉಳಿದವರಿಗಾಗಿ.

ನಾಯಿಗೆ ಉಪವಾಸ ಇಡಿಸುವುದು ಅರಿವಳಿಕೆಯಲ್ಲಿ ವಾಂತಿಯಾಗಿ ಅದು ಶ್ವಾಸಕೋಶಕ್ಕೆ ಹೋಗದಿರಲಿ ಅಂತ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ಹಾಗಾಗಿ ನಾಯಿಯಂತೆ ಉಪವಾಸ ಬೇಕಿಲ್ಲ. ಬದಲಿಗೆ ಹೊಟ್ಟೆ ಖಾಲಿ ಬಿಟ್ಟರೇ ಅಪಾಯ: ಕರುಳು ನಿಂತುಬಿಡುತ್ತದೆ. ನೋವಾದರೆ ಮೊಲ ತಿನ್ನುವುದಿಲ್ಲ, ತಿನ್ನದಿದ್ದರೆ ಕರುಳು ನಡೆಯುವುದಿಲ್ಲ, ಗ್ಯಾಸ್ ತುಂಬಿ ನೋವು ಇನ್ನೂ ಜಾಸ್ತಿ. ಮುದುರಿ ಕೂತು ಹಲ್ಲು ಕಟಕಟ ಕಡಿಯುತ್ತಿದ್ದರೆ ಅದು ನೋವೇ. ಸುಸ್ತು ಅಂತ ಸುಮ್ನೆ ಕೂರಬೇಡಿ.

ನಾನು ಮೊದಲು ಕೇಳುವುದು ಹಿಕ್ಕೆ. ಗಾತ್ರ ಸಣ್ಣದಾಗಿದೆಯಾ, ಪೂರ್ತಿ ನಿಂತಿದೆಯಾ? 12 ಗಂಟೆ ಊಟವೂ ಇಲ್ಲ, ಹಿಕ್ಕೆಯೂ ಇಲ್ಲ ಅಂದರೆ ರಾತ್ರಿಯಾದರೂ ಕರೆದುಕೊಂಡು ಹೋಗಿ. ವೈದ್ಯರು ಹೇಳಿದರೆ ಪುಡಿಯಾಹಾರ ಕಲಸಿ ಸಿರಿಂಜಿನಲ್ಲಿ ಕೊಡಿ. ಮುಂಭಾಗದ ಹಲ್ಲಿನ ಹಿಂದೆ ಪಕ್ಕದಲ್ಲಿ ಖಾಲಿ ಜಾಗ ಇರುತ್ತದಲ್ಲ, ಅಲ್ಲಿಂದ ಸ್ವಲ್ಪಸ್ವಲ್ಪ ಬಿಡಿ. ನೇರ ಗಂಟಲಿಗೆ ಹಾಕಿದರೆ ಶ್ವಾಸಕೋಶಕ್ಕೆ ಹೋದೀತು. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯೋಟಿಕ್ ಕೊಡಲೇಬೇಡಿ. ಬಾಯಿಗೆ ಹಾಕಿದರೆ ಮೊಲದ ಪ್ರಾಣಕ್ಕೇ ಕುತ್ತು.

ಕೋನ್? ಹೊಲಿಗೆ ಕಡಿಯದಿದ್ದರೆ ಬೇಡ. ಮೊಲ ತನ್ನದೇ ಮೆತ್ತನೆ ಹಿಕ್ಕೆಯನ್ನು ಬಗ್ಗಿ ತಿನ್ನಬೇಕು, ಅದಕ್ಕೆ ಕೋನ್ ಅಡ್ಡ. ಗಾಯ ಒಣಗುವವರೆಗೆ ಮರದ ಪುಡಿ ತೆಗೆದು ಟವೆಲ್ ಹಾಸಿ.