ಒತ್ತೆಹಣ ಕೊಟ್ಟವರನ್ನು ಜೈಲಿಗೆ ಹಾಕಬೇಕೇ?

ತಾಳವಾಡಿಯ ಓದುಗರೊಬ್ಬರ ಪತ್ರ: "ಸಂಪಾದಕರೇ, ಗಾಜನೂರಿನಲ್ಲಿ ನಡೆದ ಡಾ. ರಾಜ್‌ಕುಮಾರ್ ಅಪಹರಣದ ಬಗ್ಗೆ ಹೋದ ಸಂಚಿಕೆಯಲ್ಲಿ ಬರೆದಿದ್ದಿರಿ. ಆಗ ನಮ್ಮ ತಂದೆ ಇಲ್ಲಿನ ಬಸ್‌ಸ್ಟ್ಯಾಂಡ್ ಹತ್ತಿರ ಟೀ ಅಂಗಡಿ ಇಟ್ಟಿದ್ದರು. ಅಂದು ಹಣ ಕೊಡದೇ ಇದ್ದಿದ್ದರೆ ನಾಗಪ್ಪನವರನ್ನು ಹೊತ್ತೊಯ್ಯುವ ಧೈರ್ಯ ವೀರಪ್ಪನ್‌ಗೆ ಬರುತ್ತಿತ್ತಾ? ದುಡ್ಡಿದ್ದವರು ಕೊಟ್ಟೂ ಕೊಟ್ಟೂ ಈ ದಂಧೆ ಬೆಳೆಸಿದರು. ಒತ್ತೆಹಣ ಕೊಡುವುದೇ ಅಪರಾಧ ಅಂತ ಕಾನೂನು ಬರಬೇಕು. ಏನಂತೀರಿ?"

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲರ್ಧ ಒಪ್ಪುತ್ತೇನೆ. ಕೊನೆಯ ಸಾಲನ್ನು ಒಪ್ಪಲಾರೆ.

ಹಣ ಸಿಕ್ಕರೆ ರುಚಿ ಹತ್ತುತ್ತದೆ, ಅದರಲ್ಲಿ ಎರಡು ಮಾತಿಲ್ಲ. ವೀರಪ್ಪನ್ ಅದನ್ನು ಕಲಿತದ್ದು ಗಾಜನೂರಿನಲ್ಲಿ ಅಲ್ಲ, ಅದಕ್ಕೂ ಎಷ್ಟೋ ಮೊದಲು. ಕರಿಕಲ್ಲು ಕ್ವಾರಿ ಮಾಲೀಕರಿಂದ ಅವನು ಹಣ ಕೀಳುತ್ತಿದ್ದ. ಅವರು ಸದ್ದಿಲ್ಲದೆ ಕೊಟ್ಟರು. 2000ದ ಜುಲೈ 30ರ ರಾತ್ರಿ ಡಾ. ರಾಜ್‌ಕುಮಾರ್ ಅವರ ಮನೆಗೆ ನುಗ್ಗುವ ಹೊತ್ತಿಗೆ ಒಬ್ಬ ಮನುಷ್ಯನಿಗೆ ಬೆಲೆ ಕಟ್ಟುವುದು ಅವನಿಗೆ ಹೊಸದೇನಲ್ಲ.

ಅಣ್ಣಾವ್ರು 108 ದಿನ ಕಾಡಿನಲ್ಲಿದ್ದು ನವೆಂಬರ್ 15ರಂದು ಹೊರಬಂದರು. ವೀರಪ್ಪನ್‌ಗೆ ಹಣ ಹೋಯಿತು ಅಂತ ಆಗ ಕರ್ನಾಟಕದ ಪೊಲೀಸ್ ಮಹಾನಿರ್ದೇಶಕರಾಗಿದ್ದ ಸಿ. ದಿನಕರ್ ಆಮೇಲೆ ಬರೆದರು. ಸರ್ಕಾರ ಅಲ್ಲಗಳೆಯಿತು. ಎರಡು ವರ್ಷ ಕಳೆದು, 2002ರ ಆಗಸ್ಟ್ 25ರಂದು ಮಾಜಿ ಸಚಿವ ನಾಗಪ್ಪನವರನ್ನು ಕಾಮಗೆರೆಯ ಮನೆಯಿಂದ ಹೊತ್ತೊಯ್ದರು. ಡಿಸೆಂಬರ್ 8ರಂದು ಕಾಡಿನಲ್ಲಿ ಶವ ಸಿಕ್ಕಿತು. ನೀವು ಮೊದಲ ಘಟನೆ ನೋಡಿ ಕೊಟ್ಟಿದ್ದು ತಪ್ಪು ಅಂತೀರಿ. ಎರಡನೆಯದನ್ನು ನೋಡಿ ನಾಗಪ್ಪನವರ ಮನೆಯವರ ಮುಂದೆ ನಿಂತು ಅದೇ ಮಾತು ಹೇಳಲು ಆಗುತ್ತಾ? ನನಗಾಗದು. ಅಪಹರಣ ನಿಂತದ್ದು 2004ರ ಅಕ್ಟೋಬರ್ 18ರಂದು, ವೀರಪ್ಪನ್ ಪೊಲೀಸರ ಗುಂಡಿಗೆ ಬಿದ್ದ ಮೇಲೆ.

ನಾನು ಕಣ್ಣಾರೆ ಕಂಡದ್ದೊಂದಿದೆ. ಘಟ್ಟದ ಕೆಳಗೆ ನಾನು ಬಾಡಿಗೆಗಿದ್ದಾಗ ಪಕ್ಕದ ಮನೆಯ ಬೆಳ್ಳುಳ್ಳಿ ವ್ಯಾಪಾರಿಯ ಮಗನನ್ನು ಎತ್ತಿಕೊಂಡು ಹೋದರು. ಮೂರು ದಿನ ಆ ತಾಯಿ ಫೋನಿನ ಸ್ಟೂಲ್ ಬಿಟ್ಟು ಏಳಲಿಲ್ಲ. ಕೊರಳ ಸರ ಬಿಚ್ಚಿ ಗಂಡನ ಕೈಗಿಟ್ಟು, ಅರಿಶಿನದ ದಾರ ಕಟ್ಟಿಕೊಂಡರು. ನೋಟುಗಳನ್ನು ಪೇಪರಿನಲ್ಲಿ ಸುತ್ತಿ, ಬೆಳ್ಳುಳ್ಳಿ ಚೀಲದ ತಳಕ್ಕೆ ಹಾಕಿ, ಮೇಲೆ ಬೆಳ್ಳುಳ್ಳಿ ಸುರಿದರು. ಪೊಲೀಸರಿಗೆ ಹೇಳಲಿಲ್ಲ. ಹುಡುಗ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದ.

ಮರುವರ್ಷ ಅದೇ ಗುಂಪು ಇನ್ನೊಬ್ಬ ವ್ಯಾಪಾರಿಗೆ ಫೋನ್ ಮಾಡಿತು. ಮೊದಲ ಮಾತೇ "ಬೆಳ್ಳುಳ್ಳಿಯವರು ಎಷ್ಟು ಕೊಟ್ಟರು ಗೊತ್ತಾ?" ಅಂತ. ಇವರು ಸುಮ್ನೆ ಕೂರಲಿಲ್ಲ, ಠಾಣೆಗೆ ಹೋದರು. ಗುಂಪು ಸಿಕ್ಕಿಬಿತ್ತು. ಆ ತಾಯಿ ಅದನ್ನು ಕೇಳಿ ನನ್ನ ಮುಂದೆ ಅತ್ತರು. "ನಾವು ಅವತ್ತೇ ಹೇಳಬಹುದಿತ್ತು, ಆದರೆ ಮಗ ಅವರ ಕೈಯಲ್ಲಿದ್ದ" ಅಂದರು. ಅವರು ಕೊಟ್ಟಿದ್ದರಲ್ಲಿ ನನಗೆ ಇವತ್ತಿಗೂ ತಪ್ಪು ಕಾಣುವುದಿಲ್ಲ. ಮಗ ಮನೆ ಸೇರಿದ ಮೇಲೂ ಬಾಯಿ ಬಿಡಲಿಲ್ಲವಲ್ಲ, ಮುಂದಿನ ಮನೆಗೆ ಕುತ್ತು ತಂದದ್ದು ಅದೇ.

ಈಗ ನಿಮ್ಮ ಕಾನೂನಿಗೆ ಬರೋಣ. ಕೊಟ್ಟವರಿಗೂ ಜೈಲು ಅಂದರೆ ಆ ತಾಯಿ ಹಣ ಕೊಡದೆ ಇರುತ್ತಿದ್ದರಾ? ಇಲ್ಲ. ಇನ್ನೂ ಗುಟ್ಟಾಗಿ ಕೊಡುತ್ತಿದ್ದರು. ಇಟಲಿ ಹಣ ಕೊಡುವುದನ್ನು ತಡೆಯಲು ಹೋಗಿ ನೋಡಿದೆ. ಅಲ್ಲಿ ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಶ್ರೀಮಂತರ ಅಪಹರಣ ನೂರಾರು ಆದವು. 1991ರಲ್ಲಿ ಕಾನೂನು ತಂದು, ಒತ್ತೆಯಾಳಿನ ಮನೆಯವರ ಆಸ್ತಿ, ಬ್ಯಾಂಕ್ ಖಾತೆ ಎಲ್ಲ ಮುಟ್ಟದಂತೆ ತಡೆದರು. ಅಪಹರಣ ಕಡಿಮೆಯಾದದ್ದು ನಿಜ, ಪೊಲೀಸರ ಕೈಯೂ ಅಷ್ಟರಲ್ಲಿ ಬಲವಾಗಿತ್ತು. ಆದರೆ ಎಷ್ಟೋ ಮನೆಯವರು ದೂರು ಕೊಡುವುದನ್ನೇ ಬಿಟ್ಟು ಒಳಗೊಳಗೇ ವ್ಯವಹಾರ ಮುಗಿಸಿದರು.

ಅದೇ ಇಟಲಿಯಲ್ಲಿ 1973ರಲ್ಲಿ ಅಮೆರಿಕದ ಎಣ್ಣೆ ದೊರೆ ಪಾಲ್ ಗೆಟ್ಟಿಯ ಮೊಮ್ಮಗನನ್ನು ಹೊತ್ತೊಯ್ದಿದ್ದರು. ಹುಡುಗನಿಗೆ 16 ವರ್ಷ. ತನಗೆ 14 ಮೊಮ್ಮಕ್ಕಳು, ಒಬ್ಬನಿಗೆ ಕೊಟ್ಟರೆ ಹದಿನಾಲ್ಕೂ ಜನರನ್ನು ಹೊತ್ತೊಯ್ಯುತ್ತಾರೆ ಅಂತ ತಾತ ಪಟ್ಟು ಹಿಡಿದ. ನೀವು ಹೇಳುವ ಲೆಕ್ಕವೇ ಅದು. ಹುಡುಗನ ಕತ್ತರಿಸಿದ ಕಿವಿ ಅಂಚೆಯಲ್ಲಿ ಬಂತು. ಆಮೇಲೆ ತಾತನೂ ಕೊಟ್ಟ.

ನಮ್ಮಲ್ಲಿ 1993ರಲ್ಲಿ ದಂಡ ಸಂಹಿತೆಗೆ 364ಎ ಕಲಮು ಸೇರಿತು. ಒತ್ತೆಹಣಕ್ಕಾಗಿ ಅಪಹರಿಸಿ ಜೀವಬೆದರಿಕೆ ಹಾಕಿದರೆ ಗಲ್ಲು ಅಥವಾ ಜೀವಾವಧಿ. ಈಗ ಅದು ನ್ಯಾಯ ಸಂಹಿತೆಯ 140ನೇ ಕಲಮಿನಲ್ಲಿದೆ. ಅದು ಹಿಡಿಯುವುದು ಹೊತ್ತೊಯ್ದವನನ್ನು, ಮಗನನ್ನು ಬಿಡಿಸಿಕೊಂಡ ಅಪ್ಪನನ್ನಲ್ಲ. ಹಾಗೇ ಇರಲಿ.

ಮನೆಯವರಿಂದ ನಾವು ಕೇಳಬೇಕಾದದ್ದು ಬೇರೆ. ಮೊದಲ ಫೋನ್ ಬಂದ ತಕ್ಷಣ ಠಾಣೆಗೆ ತಿಳಿಸಲಿ. ಮಾತುಕತೆ ಪಳಗಿದವರ ಕೈಯಲ್ಲಿರಲಿ. ಅಂಥವರು ಮೊದಲು ಒತ್ತೆಯಾಳಿಗೆ ಮಾತ್ರ ಗೊತ್ತಿರುವ ಪ್ರಶ್ನೆ ಕೇಳಿ, ಜೀವಂತ ಇದ್ದಾರಾ ಅಂತ ಖಾತ್ರಿ ಮಾಡಿಕೊಳ್ಳುತ್ತಾರೆ. ಕೇಳಿದ ಮೊತ್ತಕ್ಕೆ ಹೂಂ ಅನ್ನುವುದೇ ಇಲ್ಲ. ಸ್ವಲ್ಪ ಏರಿಸುತ್ತಾರೆ, ಮುಂದಿನ ಸಲ ಇನ್ನೂ ಸ್ವಲ್ಪವೇ ಏರಿಸುತ್ತಾರೆ. ಚೀಲ ಬರಿದಾಗುತ್ತಿದೆ ಅಂತ ಆ ಕಡೆಯವನಿಗೆ ಅನ್ನಿಸಬೇಕು. ಅವಸರಕ್ಕೆ ಬಿದ್ದು ಕೇಳಿದಷ್ಟೂ ಕೊಟ್ಟರೆ ಮುಂದಿನ ಮನೆಗೆ ರೇಟು ಕಟ್ಟಿಕೊಟ್ಟ ಹಾಗೆ.

ಸರ್ಕಾರದ ಮಾತು ಬೇರೆ. ಅದಕ್ಕೆ ಎಲ್ಲರ ಮಕ್ಕಳೂ ಮಕ್ಕಳೇ. 2000ದಲ್ಲಿ ವೀರಪ್ಪನ್ ಕೇಳಿದ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಕೈದಿಗಳನ್ನು ಬಿಡಲು ಕರ್ನಾಟಕ, ತಮಿಳುನಾಡು ಎರಡೂ ಸರ್ಕಾರಗಳು ಹೊರಟಿದ್ದವು. ಸುಪ್ರೀಂ ಕೋರ್ಟಿಗೆ ಹೋಗಿ ತಡೆದವರು, ಅವನ ಗುಂಪಿನ ಕೈಯಲ್ಲಿ ಸತ್ತ ಪೊಲೀಸ್ ಅಧಿಕಾರಿಯೊಬ್ಬರ ತಂದೆ. ನೀವು ಗಟ್ಟಿಯಾಗಿ 'ಇಲ್ಲ' ಅನ್ನಬೇಕು ಅಂತೀರಲ್ಲ, ಅದನ್ನು ಸರ್ಕಾರಕ್ಕೆ ಹೇಳಿ. ನಾನೂ ನಿಮ್ಮ ಜೊತೆ ದನಿಗೂಡಿಸುತ್ತೇನೆ.

ಕೊನೆಗೊಂದು ಕೋರಿಕೆ. ಆ 108 ದಿನ ತಾಳವಾಡಿ ಬಸ್‌ಸ್ಟ್ಯಾಂಡಿನಲ್ಲಿ ಕನ್ನಡ, ತಮಿಳು ಎರಡೂ ಮನೆಮಾತಾದ ಜನ ಏನು ಮಾತಾಡುತ್ತಿದ್ದರು, ಯಾವ ಮಾತನ್ನು ನುಂಗುತ್ತಿದ್ದರು ಅನ್ನುವುದು ನಿಮ್ಮ ತಂದೆಯವರಿಗೆ ಗೊತ್ತಿರುತ್ತದೆ. ಅವರು ಹೇಳಲಿ, ನೀವು ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಬಿಟ್ಟಿದ್ದೇನೆ.