ತಾನೇ ಗಾಳ ಎಳೆಯುವ ಯೋ-ಯೋ ರೀಲ್ ಬಳಸಬಹುದೇ? ಅದನ್ನು ಆಟ ಅನ್ನಬಹುದೇ?

ಕಾನೂನು ಊರಿಂದೂರಿಗೆ ಬೇರೆ. ಅಮೆರಿಕದ ಲೂಯಿಸಿಯಾನಾದಲ್ಲಿ ಬಳಸಬಹುದು: ತಲೆಗೆ 50ರ ಮಿತಿ, ಪ್ರತಿಯೊಂದಕ್ಕೂ ಹೆಸರು-ವಿಳಾಸದ ಚೀಟಿ, 24 ಗಂಟೆಗೊಮ್ಮೆಯಾದರೂ ಹೋಗಿ ನೋಡಿ ಹೊಸ ಎರೆ ಹಾಕಬೇಕು. ಇಂಗ್ಲೆಂಡಿನಲ್ಲಾದರೆ ನೀರಿಗಿಳಿಸಿದ ಗಾಳದ ಕೋಲನ್ನು ಬಿಟ್ಟು ಹೋಗುವುದೇ ಅಪರಾಧ.

ಈ ರೀಲ್ ಎಂದರೆ ಸುರುಳಿ ಸ್ಪ್ರಿಂಗ್ ಇರುವ ಚಪ್ಪಟೆ ಡಬ್ಬಿ. ಕೊಂಬೆಗೆ ಕಟ್ಟಿ, ದಾರ ಎಳೆದು, ಡಬ್ಬಿಯ ಕೊಕ್ಕೆಗೆ ಸಿಕ್ಕಿಸುತ್ತಾರೆ. ಮೀನು ಜಗ್ಗಿದೊಡನೆ ಕೊಕ್ಕೆ ಬಿಟ್ಟುಕೊಂಡು ಸ್ಪ್ರಿಂಗ್ ದಾರ ಸುತ್ತಿಕೊಳ್ಳುತ್ತದೆ, ಗಾಳ ನಾಟುತ್ತದೆ. ಕೊಕ್ಕೆ ತೀರಾ ಸಡಿಲವಾದರೆ ಗಾಳಿಗೆ ಕೊಂಬೆ ಅಲ್ಲಾಡಿದರೂ ಸಿಡಿಯುತ್ತದೆ, ಬಿಗಿಯಾದರೆ ಮೀನು ಎರೆ ಉಗುಳಿ ಹೋಗುತ್ತದೆ. ನಿಜವಾದ ತೊಂದರೆ ಮರೆತುಬಿಟ್ಟವುಗಳದ್ದು: ಸಿಕ್ಕ ಮೀನು ಒದ್ದಾಡಿ ಸಾಯುತ್ತದೆ, ಆಮೆ, ನೀರುಹಕ್ಕಿಗಳೂ ಸಿಕ್ಕಿಕೊಳ್ಳುತ್ತವೆ. ಅಂಥ ಮೀನನ್ನು ವಾಪಸ್ ನೀರಿಗೆ ಬಿಡುವ ಮಾತೇ ಇಲ್ಲ.

ಆಟದ ಮಾತಿಗೆ ಬಂದರೆ, ಗಾಳದ ಮೀನುಗಾರಿಕೆಯ ವಿಶ್ವ ದಾಖಲೆಗಳನ್ನು ಇಡುವ ಐಜಿಎಫ್‌ಎ ಸಂಸ್ಥೆಯ ನಿಯಮ ಖಚಿತವಾಗಿದೆ: ಮೀನು ಕಚ್ಚುವವರೆಗೆ ಕೋಲು ಸ್ಟ್ಯಾಂಡಿನಲ್ಲಿರಬಹುದು, ಕಚ್ಚಿದ ಮೇಲೆ ಕೈಯಲ್ಲಿ ಹಿಡಿದೇ ಎಳೆಯಬೇಕು, ಮೋಟಾರ್ ರೀಲ್ ನಿಷಿದ್ಧ. ಸಾರಿಗೆ ಮೀನು ಸಾಕು ಅನ್ನುವವರಿಗೆ ಯೋ-ಯೋ ತಪ್ಪಲ್ಲ, ಆದರೆ ಅದನ್ನು ಆಟ ಅನ್ನಲಾಗದು. ಗಂಟೆ ಕಟ್ಟಿದ ಕೋಲು ಬೇರೆ, ಅದು ಮೀನು ಕಚ್ಚಿದ ಸುದ್ದಿಯನ್ನಷ್ಟೇ ಕೊಡುತ್ತದೆ.