ಯಾವ ದೇಶ ಒಳ್ಳೆಯದು ಎಂದು ಕೇಳಿದ ಸಾಗರದ ಮೇಷ್ಟ್ರಿಗೆ

ಪ್ರಿಯ ಮೇಷ್ಟ್ರೇ,

ನಿಮ್ಮ ನಾಲ್ಕು ಪುಟಗಳ ಕಾಗದ ತಲುಪಿ ಹದಿನೈದು ದಿನಗಳಾದವು. ಎರಡು ಸಾಲಿನಲ್ಲಿ ಉತ್ತರಿಸಿ ಮುಗಿಸುವ ಕಾಗದ ಅದಲ್ಲವಾದ್ದರಿಂದ ತಡವಾಯಿತು, ಕ್ಷಮಿಸಿ.

ಉಳಿದ ಓದುಗರಿಗಾಗಿ ನೀವು ಕೇಳಿದ್ದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ನೀವು ನಿವೃತ್ತರಾಗಿ ಎರಡು ವರ್ಷವಾಗಿದೆ, ಈಗ ಅಡಿಕೆ ತೋಟ ನೋಡಿಕೊಂಡಿದ್ದೀರಿ. ಕೈಕಾಲು ಗಟ್ಟಿಯಿರುವಾಗಲೇ ಮನೆಯವರೊಂದಿಗೆ ಒಮ್ಮೆ ಹೊರದೇಶ ನೋಡಿ ಬರುವ ಆಸೆ. ನಿಮ್ಮ ಮಗಳು ನರ್ಸಿಂಗ್ ಪದವಿ ಮುಗಿಸಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಮೂರು ವರ್ಷ ಕೆಲಸ ಮಾಡಿದ್ದಾಳೆ. ಜರ್ಮನಿಗೆ ಕಳಿಸುತ್ತೇನೆ, ನಾಲ್ಕು ಲಕ್ಷ ಕಟ್ಟಿ ಎಂದು ಒಬ್ಬ ಏಜೆಂಟ್ ಬೆನ್ನು ಬಿದ್ದಿದ್ದಾನೆ. ದುಬೈ ಸಾಕು ಎನ್ನುತ್ತಾರೆ ನಿಮ್ಮ ತಮ್ಮ. ‘ನೀವು ನಾಲ್ಕು ದೇಶ ಕಂಡವರು, ನಿಮ್ಮ ಮೆಚ್ಚಿನದು ಯಾವುದು ಹೇಳಿ. ಎಲ್ಲ ಕಡೆ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ ಎಂದು ಮಾತ್ರ ಬರೆಯಬೇಡಿ’ ಎಂದು ಕೊನೆಯಲ್ಲಿ ಅಡಿಗೆರೆ ಎಳೆದಿದ್ದೀರಿ.

ಬರೆಯುವುದಿಲ್ಲ. ನೀವು ನೋಡಿ ಬರಲು ವಿಯೆಟ್ನಾಂ. ಮಗಳು ಇದ್ದು ಬಾಳಲು ಜರ್ಮನಿ, ಆದರೆ ಒಂದು ಷರತ್ತಿನ ಮೇಲೆ.

ವಿಯೆಟ್ನಾಂ ಏಕೆಂದರೆ ನೀವು ಅಡಿಕೆ ಬೆಳೆಗಾರರು. ಅಲ್ಲಿ ಹಳೆಯ ಮನೆಗಳ ಮುಂದೆ ಅಡಿಕೆ ಮರ, ಹಿತ್ತಲಲ್ಲಿ ಬಾಳೆ ಇರಬೇಕು ಎಂಬ ನಾಣ್ಣುಡಿಯೇ ಇದೆ. ಮದುವೆ ಮಾತುಕತೆಗೆ ಗಂಡಿನ ಕಡೆಯವರು ಅಡಿಕೆ ಗೊನೆ ಮತ್ತು ವೀಳ್ಯದೆಲೆ ಹೊತ್ತು ತರುತ್ತಾರೆ. ಒಂದು ಕವಳದಿಂದಲೇ ಮಾತು ಶುರು ಎನ್ನುವುದು ಅವರ ಗಾದೆ. ಅಣ್ಣ ಅಡಿಕೆ ಮರವಾಗಿ, ತಮ್ಮ ಸುಣ್ಣದ ಕಲ್ಲಾಗಿ, ಅಣ್ಣನ ಹೆಂಡತಿ ಮರಕ್ಕೆ ಹಬ್ಬಿದ ವೀಳ್ಯದ ಬಳ್ಳಿಯಾದ ಕತೆಯನ್ನು ಅಲ್ಲಿನ ಮಕ್ಕಳೆಲ್ಲ ಕೇಳಿ ಬೆಳೆಯುತ್ತಾರೆ. ಮೂರೂ ಸೇರಿದರೆ ಕೆಂಪು ಬಣ್ಣ. ಇದನ್ನು ಸಾಗರದವರಿಗೆ ವಿವರಿಸಬೇಕಾಗಿಲ್ಲ.

ಊಟದ ಚಿಂತೆ ಬೇಡ. ಮೀನಿನ ರಸ ಬೀಳದ ಅಡುಗೆ ಅಲ್ಲಿ ಕಡಿಮೆ ಎನ್ನುವುದು ನಿಜ. ಆದರೆ ಹುಣ್ಣಿಮೆಗೆ ಮತ್ತು ಚಾಂದ್ರಮಾಸದ ಮೊದಲ ದಿನಕ್ಕೆ ಮಾಂಸ ಬಿಡುವ ಬೌದ್ಧರು ಬಹಳ ಮಂದಿ ಇರುವುದರಿಂದ ‘ಚಾಯ್’ ಎಂದು ಬರೆದ ಹೋಟೆಲುಗಳು ಊರೂರಿನಲ್ಲಿವೆ. ಚಾಯ್ ಎಂದರೆ ಚಹಾ ಅಲ್ಲ, ಸಸ್ಯಾಹಾರ. ಕಾಫಿಯನ್ನು ಲೋಟದ ಮೇಲೆ ಕೂರಿಸಿದ ಸಣ್ಣ ಫಿಲ್ಟರಿನಲ್ಲಿ ತೊಟ್ಟು ತೊಟ್ಟಾಗಿ ಇಳಿಸಿ, ಗಟ್ಟಿ ಸಿಹಿ ಹಾಲಿನ ಜೊತೆ ಕೊಡುತ್ತಾರೆ. ಹೋಯಿ ಆನ್ ಎಂಬ ಹಳೆಯ ಬಂದರು ಊರಿನಲ್ಲಿ ಉಳಿದುಕೊಂಡು ಮಿ ಸನ್ ಕಣಿವೆಗೆ ಹೋಗಿ ಬನ್ನಿ. ಅಲ್ಲಿನ ಹಳೆಯ ಚಂಪಾ ರಾಜ್ಯದ ಅರಸರು ನಾಲ್ಕರಿಂದ ಹದಿಮೂರನೆಯ ಶತಮಾನದವರೆಗೆ ಕಟ್ಟಿಸಿದ ಇಟ್ಟಿಗೆಯ ಶಿವಾಲಯಗಳು ಅಲ್ಲಿವೆ. ಅಲ್ಲಿನ ಶಿವನ ಹೆಸರು ಭದ್ರೇಶ್ವರ. 1969ರಲ್ಲಿ ಅಮೆರಿಕದ ಬಾಂಬುಗಳಿಗೆ ದೊಡ್ಡ ಗೋಪುರ ಉರುಳಿತು. ಉಳಿದವುಗಳಲ್ಲಿ ಕೆಲವನ್ನು ಈಚಿನ ವರ್ಷಗಳಲ್ಲಿ ನಮ್ಮ ಪುರಾತತ್ವ ಇಲಾಖೆಯವರೇ ಹೋಗಿ ನಿಲ್ಲಿಸಿದ್ದಾರೆ. ಅಕ್ಟೋಬರ್, ನವೆಂಬರ್‌ನಲ್ಲಿ ಮಾತ್ರ ಹೊರಡಬೇಡಿ, ಹೋಯಿ ಆನ್‌ನ ಬೀದಿಗಳಿಗೆ ಹೊಳೆಯ ನೀರು ನುಗ್ಗುವ ಕಾಲ ಅದು. ಫೆಬ್ರವರಿಯಿಂದ ಏಪ್ರಿಲ್ ಒಳ್ಳೆಯದು.

ಈಗ ಮಗಳ ವಿಷಯ. ನನ್ನ ಮನಸ್ಸೆಲ್ಲ ಇಲ್ಲಿಯೇ ಇದೆ.

ನೋಡುವ ದೇಶವನ್ನು ಕಣ್ಣು ಆರಿಸುತ್ತದೆ. ಬಾಳುವ ದೇಶವನ್ನು ಆರಿಸಬೇಕಾದ್ದು ನಾಲಿಗೆ. ರುಚಿಗಾಗಿ ಅಲ್ಲ, ಮಾತಿಗಾಗಿ. ಯಾವ ದೇಶದ ಭಾಷೆಯನ್ನು ಕಲಿಯಲು ನಿಮ್ಮ ಮಗಳು ಎರಡು ವರ್ಷ ಕೊಡಲು ಸಿದ್ಧಳೋ ಅದು ಅವಳು ಬಾಳಬಹುದಾದ ದೇಶ. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ.

ಪತಿಯ ಕೆಲಸದ ನಿಮಿತ್ತ ನಾವು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಮೂರು ವರ್ಷ ಇದ್ದೆವು. ಅವರ ಕಚೇರಿಯಲ್ಲಿ ಇಂಗ್ಲಿಷ್ ನಡೆಯುತ್ತಿತ್ತು. ನನಗೂ ಅಷ್ಟೇ ಸಾಕು ಎಂದುಕೊಂಡಿದ್ದೆ. ಬಾಡಿಗೆಗೆ ಸಿಕ್ಕ ಮನೆಯಲ್ಲಿ ಅಡುಗೆಕೋಣೆ ಇತ್ತು, ಅದರೊಳಗೆ ಒಲೆಯೂ ಇರಲಿಲ್ಲ, ಪಾತ್ರೆ ತೊಳೆಯುವ ತೊಟ್ಟಿಯೂ ಇರಲಿಲ್ಲ. ಗೋಡೆಯಿಂದ ನೀರಿನ ಪೈಪು ಮಾತ್ರ ಹೊರಗೆ ಚಾಚಿತ್ತು. ಅಲ್ಲಿ ಅದೇ ವಾಡಿಕೆ. ಎಷ್ಟೋ ಬಾಡಿಗೆದಾರರು ಅಡುಗೆಮನೆಯನ್ನೇ ಬಿಚ್ಚಿಕೊಂಡು ಹೋಗುತ್ತಾರೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಭಾನುವಾರ ಅಂಗಡಿಗಳೆಲ್ಲ ಬಾಗಿಲು ಹಾಕಿರುತ್ತವೆ. ಸರ್ಕಾರದ್ದು, ಬ್ಯಾಂಕಿನದ್ದು, ವಿಮೆಯದ್ದು ಏನೇ ಇರಲಿ, ಟಪಾಲಿನಲ್ಲಿ ಕಾಗದವಾಗಿಯೇ ಬರುತ್ತಿತ್ತು, ಜರ್ಮನ್ ಭಾಷೆಯಲ್ಲಿಯೇ ಬರುತ್ತಿತ್ತು. ಒಡೆಯದ ಲಕೋಟೆಗಳು ಮೇಜಿನ ಮೇಲೆ ಬೆಳೆಯುತ್ತಿದ್ದುದನ್ನು ನೋಡಿ ನನಗೆ ಹೆದರಿಕೆಯಾಗುತ್ತಿತ್ತು.

ಒಂದು ದಿನ ನಮ್ಮ ಬಾಗಿಲಿನ ಹಿಡಿಗೆ ಯಾರೋ ಒಂದು ಮರದ ಫಲಕ ನೇತುಹಾಕಿ ಹೋಗಿದ್ದರು. ಜಾಹೀರಾತಿರಬೇಕು ಎಂದು ತೆಗೆದು ಕಪಾಟಿನಲ್ಲಿಟ್ಟೆ. ಆ ಸೀಮೆಯಲ್ಲಿ ‘ಕೇರ್‌ವೋಖೆ’ ಎಂಬ ಪದ್ಧತಿ ಇದೆ, ಗುಡಿಸುವ ವಾರ ಎಂದು ಅರ್ಥ. ಕಟ್ಟಡದ ಮೆಟ್ಟಿಲು, ಅಂಗಳಗಳನ್ನು ಬಾಡಿಗೆದಾರರು ಸರದಿಯ ಮೇಲೆ ಗುಡಿಸಿ ಒರೆಸಬೇಕು. ಫಲಕ ಯಾರ ಬಾಗಿಲಿನಲ್ಲಿದೆಯೋ ಆ ವಾರ ಅವರದು. ಮುಗಿದ ಮೇಲೆ ಪಕ್ಕದವರ ಬಾಗಿಲಿಗೆ ದಾಟಿಸಬೇಕು. ನಮ್ಮ ಕಪಾಟಿನಲ್ಲಿ ಇಡೀ ಕಟ್ಟಡದ ಸರದಿ ನಿಂತುಹೋಗಿತ್ತು. ಎದುರು ಮನೆಯ ಅಜ್ಜಿ ಬಂದು ಏನೇನೋ ಹೇಳಿದರು, ದನಿ ಏರಿತು, ನನಗೆ ಒಂದು ಪದವೂ ತಿಳಿಯಲಿಲ್ಲ. ಅವರು ಹೋದ ಮೇಲೆ ಬಾಗಿಲಿಗೊರಗಿ ಅತ್ತೆ. ನಾನು ಕನ್ನಡದಲ್ಲಿ ಬರೆದು ಬದುಕಿದವಳು, ಮಾತೇ ಇಲ್ಲದ ಮನುಷ್ಯಳಾಗಿ ಇರುವುದು ಹೇಗಿರುತ್ತದೆ ಎಂದು ಆ ದಿನ ತಿಳಿಯಿತು.

ಮಾರನೆಯ ವಾರವೇ ಅಲ್ಲಿನ ವಯಸ್ಕರ ಶಾಲೆಯ ಸಂಜೆ ತರಗತಿಗೆ ಸೇರಿದೆ. ನಾಲ್ಕು ತಿಂಗಳಾದ ಮೇಲೆ ಅಜ್ಜಿಯ ಬಾಗಿಲು ತಟ್ಟಿ, ಗೊತ್ತಿರಲಿಲ್ಲ, ತಪ್ಪಾಯಿತು ಎಂದು ಅವರ ಭಾಷೆಯಲ್ಲಿ ಹೇಳಿದೆ. ಅವರು ಮೊದಲು ನನ್ನ ವ್ಯಾಕರಣ ತಿದ್ದಿದರು. ಆಮೇಲೆ ಪೊರಕೆ ತಂದು, ಕಾಲೊರಸಿನ ಅಡಿಯಲ್ಲೂ ಗುಡಿಸಬೇಕು ಎಂದು ತೋರಿಸಿಕೊಟ್ಟರು. ಮುಂದೆ ಎರಡು ವರ್ಷ ಅವರು ನನಗೆ ಅಕ್ಕಪಕ್ಕದವರಾಗಿರಲಿಲ್ಲ, ಮನೆಯವರಾಗಿದ್ದರು.

ಆ ಅಜ್ಜಿಯಿಂದ ಕಲಿತ ಒಂದು ಪದ ನಿಮ್ಮ ಮಗಳಿಗೆ ಬೇಕಾಗುತ್ತದೆ. ಶಾಲೆಯ ಜರ್ಮನ್‌ನಲ್ಲಿ ‘ಫೂಸ್’ ಎಂದರೆ ಪಾದ. ಆ ಸೀಮೆಯ ಮುದುಕರ ಬಾಯಲ್ಲಿ ಫೂಸ್ ಎಂದರೆ ಸೊಂಟದಿಂದ ಕೆಳಗಿನ ಇಡೀ ಕಾಲು. ರೋಗಿ ಫೂಸ್ ನೋಯುತ್ತದೆ ಎಂದರೆ ಉತ್ತರದ ಹ್ಯಾಂಬರ್ಗ್‌ನಿಂದ ಬಂದ ನರ್ಸ್ ಪಾದ ನೋಡುತ್ತಾಳೆ. ಕಾಲು ಎಂಬ ಒಂದೇ ಪದದಲ್ಲಿ ತೊಡೆಯಿಂದ ಬೆರಳಿನವರೆಗೆ ಎಲ್ಲವನ್ನೂ ಹೇಳುವ ಕನ್ನಡದ ಹುಡುಗಿ ‘ಎಲ್ಲಿ ನೋಯುತ್ತದೆ, ತೋರಿಸಿ’ ಎಂದು ಕೇಳುತ್ತಾಳೆ.

ಸ್ಟುಟ್‌ಗಾರ್ಟ್‌ನ ಪಕ್ಕದಲ್ಲೇ ಎಸ್ಲಿಂಗೆನ್ ಎಂಬ ಊರಿದೆ, ಹರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡ ಊರು. ಪತ್ರಿಕೆಯ ಕೆಲಸದವಳಾದ್ದರಿಂದ ಅಲ್ಲಿಗೆ ಹೋಗದೆ ಇರಲಾಗಲಿಲ್ಲ. ಅವರು 1836ರಲ್ಲಿ ಮಂಗಳೂರಿಗೆ ಬಂದರು, 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಅದು. ಬಂದದ್ದು ಮತಪ್ರಚಾರಕ್ಕೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಏಳು ವರ್ಷದಲ್ಲಿ ಪತ್ರಿಕೆ ನಡೆಸುವಷ್ಟು ಕನ್ನಡ ಕಲಿತರು, ದಾಸರ ಪದಗಳನ್ನು ಅಚ್ಚಿಗೆ ತಂದರು. ಅವರ ಹಿಂದೆ ಬಂದ ಕಿಟ್ಟೆಲ್ 1894ರಲ್ಲಿ ನಮಗೆ ನಿಘಂಟು ಕೊಟ್ಟು, 1903ರಲ್ಲಿ ಟ್ಯೂಬಿಂಗನ್‌ನಲ್ಲಿ ಕಣ್ಣು ಮುಚ್ಚಿದರು. ಎಸ್ಲಿಂಗೆನ್‌ನ ಬೀದಿಯಲ್ಲಿ ನಡೆಯುವಾಗ ನನ್ನ ಮೇಜಿನ ಮೇಲೆ ಬೆಳೆಯುತ್ತಿದ್ದ ಆ ಲಕೋಟೆಗಳು ನೆನಪಾದವು.

ದುಬೈಯ ಬಗ್ಗೆ ನಿಮ್ಮ ತಮ್ಮ ಹೇಳುವುದರಲ್ಲಿ ಸುಳ್ಳಿಲ್ಲ. ಆದಾಯ ತೆರಿಗೆ ಇಲ್ಲ, ಊರು ಹತ್ತಿರ. ಭಟ್ಕಳ, ಉಡುಪಿ, ಮಂಗಳೂರಿನ ಎಷ್ಟೋ ಮನೆಗಳು ಕೊಲ್ಲಿಯ ದುಡಿಮೆಯಿಂದಲೇ ಎದ್ದು ನಿಂತಿವೆ, ಅದು ಗೌರವದ ದುಡಿಮೆ. ಆದರೆ ಸಾಮಾನ್ಯ ನೌಕರರ ವೀಸಾ ಕೆಲಸಕ್ಕೆ ಕಟ್ಟಿದ್ದು, ಕೆಲಸ ಹೋದರೆ ಹೊರಡುವ ಯೋಚನೆ ಶುರು. ಅಲ್ಲಿ ಮೂವತ್ತು ವರ್ಷ ಇದ್ದೂ ಅರಬ್ಬಿ ಕಲಿಯುವ ಅಗತ್ಯ ಬೀಳದವರನ್ನು ಬಲ್ಲೆ. ಅದು ದುಡಿದು ಬರುವ ದೇಶ, ನಿಮ್ಮ ಮಗಳಿಗೆ ಬೇಕಾದದ್ದು ಅಷ್ಟೇ ಆದರೆ ಧಾರಾಳವಾಗಿ ಹೋಗಲಿ. ಅಮೆರಿಕದ ಮಾತನ್ನು ನೀವು ಎತ್ತಿಲ್ಲ, ಒಳ್ಳೆಯದಾಯಿತು. ಉದ್ಯೋಗದ ಗ್ರೀನ್ ಕಾರ್ಡುಗಳಲ್ಲಿ ಯಾವ ಒಂದು ದೇಶದವರಿಗೂ ಶೇ. 7ಕ್ಕಿಂತ ಹೆಚ್ಚು ಸಲ್ಲದೆಂಬ ಮಿತಿಯಿಂದಾಗಿ ನಮ್ಮವರು ದಶಕಗಟ್ಟಲೆ ಕಾಯುತ್ತಿದ್ದಾರೆ.

ಜರ್ಮನಿಯಲ್ಲಿ ದಾರಿ ಉದ್ದ, ಆದರೆ ಕಾಣುವ ದಾರಿ. ನರ್ಸ್ ಆಗಿ ಪೂರ್ಣ ಮಾನ್ಯತೆ ಪಡೆಯಲು ಸಾಮಾನ್ಯವಾಗಿ ಬಿ-2 ಮಟ್ಟದ ಜರ್ಮನ್ ಬೇಕು. ಭಾಷಾ ಕಲಿಕೆಯ ಆರು ಮೆಟ್ಟಿಲುಗಳಲ್ಲಿ ಬಿ-1 ಮೂರನೆಯದು, ಬಿ-2 ನಾಲ್ಕನೆಯದು. ನಮ್ಮ ಪದವಿಯನ್ನು ಅಲ್ಲಿನ ರಾಜ್ಯದ ಕಚೇರಿ ಅವರ ಪಠ್ಯದೊಂದಿಗೆ ಹೋಲಿಸಿ ನೋಡುತ್ತದೆ. ಕೊರತೆ ಕಂಡರೆ ಆಸ್ಪತ್ರೆಯಲ್ಲಿ ಕೆಲವು ತಿಂಗಳ ತರಬೇತಿ ಇಲ್ಲವೇ ಒಂದು ಪರೀಕ್ಷೆ. ಕೊರತೆಯ ಪತ್ರ ಬಂದರೆ ಎದೆಗುಂದಬೇಡಿ, ಬಹಳ ಜನರಿಗೆ ಬರುತ್ತದೆ. ನುರಿತ ನೌಕರರಿಗೆ ಮೂರು ವರ್ಷದ ನಂತರ ಕಾಯಂ ವಾಸದ ಹಕ್ಕು ಸಿಗಬಹುದು. ಪೌರತ್ವಕ್ಕೆ ಇದ್ದ ಎಂಟು ವರ್ಷದ ಅವಧಿಯನ್ನು 2024ರಲ್ಲಿ ಐದಕ್ಕೆ ಇಳಿಸಿದ್ದಾರೆ. ಜರ್ಮನಿ ಈಗ ಎರಡು ಪೌರತ್ವ ಒಪ್ಪಿದರೂ ಭಾರತ ಒಪ್ಪುವುದಿಲ್ಲ, ಆದ್ದರಿಂದ ಆ ದಿನ ಬಂದರೆ ಅವಳು ನಮ್ಮ ಪಾಸ್‌ಪೋರ್ಟ್ ಒಪ್ಪಿಸಬೇಕಾಗುತ್ತದೆ. ಇದನ್ನು ಈಗಲೇ ಮೂವರೂ ಕುಳಿತು ಮಾತನಾಡಿಕೊಳ್ಳಿ. ನೀವು ಹೋದರೂ ಸಂದರ್ಶಕರ ವೀಸಾದಲ್ಲಿ 180 ದಿನಗಳಲ್ಲಿ 90 ದಿನ ಮಾತ್ರ. ಅವಳು ಬಾಳುವ ದೇಶ ನಿಮಗೆ ಹೋಗಿ ಬರುವ ದೇಶವೇ ಆಗಿರುತ್ತದೆ. ಇದನ್ನು ಬರೆಯುವಾಗ ನನಗೂ ಕಷ್ಟವಾಗುತ್ತದೆ, ಮೇಷ್ಟ್ರೇ.

ನಾಲ್ಕು ಲಕ್ಷದ ಮಾತು ಓದಿ ಸಿಟ್ಟು ಬಂತು. ನಮ್ಮ ಕಾನೂನಿನ ಪ್ರಕಾರ ನೋಂದಾಯಿತ ನೇಮಕಾತಿ ಏಜೆಂಟರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾಶುಲ್ಕ 30,000 ರೂಪಾಯಿ, ಜಿಎಸ್‌ಟಿ ಪ್ರತ್ಯೇಕ. ಆತನಿಗೆ ವಿದೇಶಾಂಗ ಸಚಿವಾಲಯದ ನೋಂದಣಿ ಇದೆಯೇ ಎಂದು ‘ಇ-ಮೈಗ್ರೇಟ್’ ಜಾಲತಾಣದಲ್ಲಿ ನೋಡಿ. ಕೇರಳ ಸರ್ಕಾರದ ನೋರ್ಕಾ ಸಂಸ್ಥೆ ಜರ್ಮನಿಯ ಉದ್ಯೋಗ ಇಲಾಖೆಯೊಂದಿಗೆ 2021ರಲ್ಲಿ ಒಪ್ಪಂದ ಮಾಡಿಕೊಂಡು ನರ್ಸುಗಳನ್ನು ಶುಲ್ಕವಿಲ್ಲದೆ, ಭಾಷೆಯನ್ನೂ ಕಲಿಸಿ ಕಳಿಸುತ್ತಿದೆ. ಅಲ್ಲಿನ ಆಸ್ಪತ್ರೆಗಳಿಗೆ ನರ್ಸುಗಳು ಬೇಕಾಗಿದ್ದಾರೆ. ಖರ್ಚನ್ನೆಲ್ಲ ತಾವೇ ಭರಿಸುವ ಆಸ್ಪತ್ರೆಗಳಿರುವಾಗ ನೀವು ತೋಟದ ಮೇಲೆ ಸಾಲ ಮಾಡುವುದು ಬೇಡ. ದಯವಿಟ್ಟು ಬೇಡ.

ಹಣ ಖರ್ಚು ಮಾಡಲೇಬೇಕೆಂದಿದ್ದರೆ ಭಾಷೆಗೆ ಮಾಡಿ. ಬೆಂಗಳೂರಿನ ಇಂದಿರಾನಗರದಲ್ಲಿ ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನವಿದೆ. ಆಸ್ಪತ್ರೆಯ ಪಾಳಿಗೆ ಹೊಂದುವ ತರಗತಿ ಸಿಗುತ್ತದೆಯೇ ಎಂದು ಅವಳು ವಿಚಾರಿಸಲಿ. ಬಿ-1 ಮುಗಿಯುವವರೆಗೆ ಯಾವ ಕಾಗದಕ್ಕೂ ಸಹಿ ಹಾಕದಿರಲಿ. ಆ ಹೊತ್ತಿಗೆ ಭಾಷೆ ಬೇಸರವಾಗಿದ್ದರೆ ನಷ್ಟ ಒಂದು ವರ್ಷದ್ದು ಮಾತ್ರ.

ಪರೀಕ್ಷೆ ಮುಗಿದ ದಿನ ಅವಳು ನನಗೆ ಜರ್ಮನ್‌ನಲ್ಲಿ ಒಂದು ಪುಟ ಬರೆದು ಕಳಿಸಲಿ. ಕೆಂಪು ಶಾಯಿಯಲ್ಲಿ ತಿದ್ದಿ, ಅಜ್ಜಿಯ ಪದಗಳನ್ನೆಲ್ಲ ಬರೆದಿಟ್ಟ ನನ್ನ ಹಳೆಯ ನೋಟ್‌ಬುಕ್ಕಿನ ಪ್ರತಿಯೊಂದಿಗೆ ಸಾಗರದ ವಿಳಾಸಕ್ಕೆ ಕಳಿಸುತ್ತೇನೆ.

ನಿಮ್ಮ ಮನೆಯವರಿಗೆ ನಮಸ್ಕಾರ ತಿಳಿಸಿ.

— ಸಂಪಾದಕಿ